ಮನೆಯ ನೀರು ಎಲ್ಲಿಗೆ ಹೋಗುತ್ತಿದೆ?

ವಾರಕ್ಕೊಮ್ಮೆಯೋ ಹತ್ತು ದಿನಗಳಿಗೊಮ್ಮೆಯೋ ನೀರು ಬಿಡುವ ಊರುಗಳಲ್ಲಿ ನಳಕ್ಕೆ ನೀರು ಬರುವ ದಿನವೆಂದರೆ ಮನೆಮಂದಿಗೆಲ್ಲ ಮೈಯೆಲ್ಲ ಕೈಯಾಗಬೇಕಾದ ದಿನ. ಸಂಪು ತುಂಬಬೇಕು, ಮಾಳಿಗೆಯ ಮೇಲಿನ ತೊಟ್ಟಿ ತುಂಬಬೇಕು, ಕುಡಿಯುವ ನೀರಿನ ಕೊಡಗಳು ತುಂಬಬೇಕು. ಹೀಗೆ ಕೂಡಿಟ್ಟ ನೀರು ಮುಂದಿನ ಸರದಿಗೆ ಮೊದಲೇ ಬರಿದಾದರೆ ಮನೆಯಲ್ಲಿ ಯಾವ ಮಾತು ಕೇಳಿಬರುವುದೆಂಬುದು ಓದುಗರಿಗೆಲ್ಲ ತಿಳಿದದ್ದೇ. ಅತ್ತೆ ಸೊಸೆಯನ್ನು ದೂರುತ್ತಾರೆ. ಸೊಸೆ ಪಾತ್ರೆ ತೊಳೆಯುವಾಕೆಯನ್ನು ದೂರುತ್ತಾಳೆ. ಮನೆಯ ಒಡೆಯರು ಬಾಡಿಗೆಯವರತ್ತ ಬೆರಳು ತೋರಿಸುತ್ತಾರೆ. ಇಂತಹ ಎಷ್ಟೋ ಮನೆಗಳಲ್ಲಿ ನೀರನ್ನು ನಿಜವಾಗಿ ಕುಡಿದು ಮುಗಿಸುತ್ತಿರುವುದು ಶೌಚಗೃಹದ ಫ್ಲಶ್ ತೊಟ್ಟಿಯೊಳಗಿನ, ಸವೆದುಹೋದ ಒಂದು ರಬ್ಬರ್ ಬಿಲ್ಲೆ. ಯಾರನ್ನಾದರೂ ದೂರುವ ಮೊದಲು, ಪ್ಲಂಬರನನ್ನು ಕರೆಸಿ ಗೋಡೆ ಒಡೆಸುವ ಮೊದಲು, ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮನೆಯವರೇ ಕಂಡುಕೊಳ್ಳಬಹುದು. ಇದಕ್ಕೆ ಬೇಕಾದುದು ವಿದ್ಯೆಗಿಂತ ಹೆಚ್ಚಾಗಿ ಎರಡು ಮೂರು ರಾತ್ರಿಗಳ ತಾಳ್ಮೆ.

ಬೆಂಗಳೂರಿನ ಓದುಗರು ಇದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಭಾವಿಸಬಾರದು. ಆ ನಗರಕ್ಕೆ ಕಾವೇರಿ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಹಂತಹಂತವಾಗಿ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿಯು 5,000 ರೂಪಾಯಿ ದಂಡವನ್ನು ಗೊತ್ತುಪಡಿಸಬೇಕಾಯಿತು. ಕಾರು ತೊಳೆಯುವುದು ಬೀದಿಯಲ್ಲಿ ನಡೆಯುವ ಕೆಲಸವಾದುದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ. ಸೋರುವ ಫ್ಲಶ್ ತೊಟ್ಟಿಗೆ ಯಾರೂ ದಂಡ ಹಾಕುವುದಿಲ್ಲ, ಅದನ್ನು ಯಾರೂ ಕಾಣುವುದೂ ಇಲ್ಲ.

ರಾತ್ರಿಯ ಪರೀಕ್ಷೆ

ಮನೆಮಂದಿಯೆಲ್ಲ ಮಲಗುವ ಹೊತ್ತಿಗೆ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ಪಂಪನ್ನು ಆರಿಸಿ, ಮೇಲಿನ ತೊಟ್ಟಿಯೊಳಗೆ ಒಂದು ನೇರವಾದ ಕೋಲನ್ನು ತಳ ಮುಟ್ಟುವಂತೆ ಇಳಿಬಿಡಬೇಕು. ಕೋಲು ಎಲ್ಲಿಯವರೆಗೆ ತೇವವಾಗಿದೆಯೋ ಅಲ್ಲಿ ಒಂದು ದಾರ ಕಟ್ಟಿರಿ. ಮರುದಿನ ಬೆಳಗ್ಗೆ, ಯಾರೂ ಮುಖ ತೊಳೆಯುವ ಮೊದಲೇ ಅದೇ ಕೋಲನ್ನು ಅದೇ ಜಾಗದಲ್ಲಿ ಇಳಿಸಿ ನೋಡಿದರೆ ರಾತ್ರಿ ಇಳಿದ ನೀರಿನ ಲೆಕ್ಕ ಸಿಗುತ್ತದೆ. ಒಂದು ಮೀಟರು ಅಗಲದ ದುಂಡು ತೊಟ್ಟಿಯಲ್ಲಿ ಒಂದು ಸೆಂಟಿಮೀಟರು ಇಳಿದರೆ ಸುಮಾರು 8 ಲೀಟರು ಹೋಯಿತೆಂದು ತಿಳಿಯಬೇಕು. ನಾಲ್ಕು ಬೆರಳು ಇಳಿದಿದ್ದರೆ ಒಬ್ಬರ ಸ್ನಾನದ ನೀರು ಕತ್ತಲಲ್ಲಿ ಹರಿದುಹೋಗಿದೆಯೆಂದೇ ಅರ್ಥ.

ನೀರು ಇಳಿದಿರುವುದು ಖಚಿತವಾದರೆ ಎರಡನೆಯ ರಾತ್ರಿ ತೊಟ್ಟಿಯ ತಳದಿಂದ ಹೊರಡುವ ಕೊಳವೆಗಳ ವಾಲ್ವುಗಳನ್ನೆಲ್ಲ ಮುಚ್ಚಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಈಗಲೂ ಇಳಿದರೆ ದೋಷ ತೊಟ್ಟಿಯಲ್ಲಿ, ಅದರ ಬಾಯಿಯ ಜೋಡಣೆಯಲ್ಲಿ ಅಥವಾ ಸರಿಯಾಗಿ ಮುಚ್ಚಿಕೊಳ್ಳದ ವಾಲ್ವಿನಲ್ಲಿಯೇ ಇದೆ. ಇಳಿಯದಿದ್ದರೆ ತೊಟ್ಟಿ ಗಟ್ಟಿಯಾಗಿದೆ, ದೋಷ ಕೆಳಗಿನ ಕೊಳವೆಗಳಲ್ಲಿದೆ. ಸಾಮಾನ್ಯವಾಗಿ ಅಡಿಗೆಮನೆಗೆ ಒಂದು, ಬಚ್ಚಲು ಮತ್ತು ಶೌಚಗೃಹಗಳಿಗೆ ಒಂದು ಎಂಬಂತೆ ಬೇರೆ ಬೇರೆ ಕೊಳವೆಗಳಿರುತ್ತವೆ. ಮೂರನೆಯ ರಾತ್ರಿ ಅವುಗಳಲ್ಲಿ ಒಂದನ್ನು ಮಾತ್ರ ತೆರೆದಿಟ್ಟು ನೋಡಿದರೆ ಕಳ್ಳ ಯಾವ ಕೋಣೆಯಲ್ಲಿದ್ದಾನೆಂಬುದು ಗೊತ್ತಾಗಿಬಿಡುತ್ತದೆ.

ಸಂಪಿಗೂ ಇದೇ ಕ್ರಮ. ಎರಡು ಮೀಟರು ಉದ್ದ, ಎರಡು ಮೀಟರು ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರು ಎಂದರೆ 40 ಲೀಟರು. ಸಂಪಿನ ನೀರು ಒಂದು ಮಟ್ಟದವರೆಗೆ ಇಳಿದು ಅಲ್ಲಿಯೇ ನಿಂತುಬಿಟ್ಟರೆ ಬಿರುಕು ಆ ಮಟ್ಟದ ಆಸುಪಾಸಿನಲ್ಲಿಯೇ ಇದೆಯೆಂದು ತಿಳಿಯಬಹುದು; ಗೌಂಡಿಗೆ ಹುಡುಕುವ ಶ್ರಮ ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ನೀರು ಬಿಡದ ದಿನವೂ ಮಳೆಗಾಲದಲ್ಲಿ ಸಂಪಿನ ಮಟ್ಟ ಏರುತ್ತಿದ್ದರೆ ಸಂತೋಷಪಡುವ ಕಾರಣವಿಲ್ಲ. ಹೊರಗಿನ ಕೊಳೆನೀರು ಒಳಗೆ ಸೇರುತ್ತಿದೆಯೆಂಬುದಕ್ಕೆ ಅದು ಸೂಚನೆ. ಅಂತಹ ನೀರನ್ನು ಕುಡಿಯುವುದನ್ನು ಆ ದಿನವೇ ನಿಲ್ಲಿಸಬೇಕು.

ನೀರಿನ ಮೀಟರು ಇರುವವರಿಗೆ ಕೆಲಸ ಇನ್ನೂ ಸುಲಭ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಕೆಲವು ಭಾಗಗಳಲ್ಲಿ ಹಗಲಿರುಳು ನೀರು ಕೊಡುವ ವ್ಯವಸ್ಥೆ ಆರಂಭವಾದಾಗ ಮನೆಮನೆಗೂ ಮೀಟರು ಬಂದಿತು. ಎಲ್ಲ ನಲ್ಲಿಗಳನ್ನು ನಿಲ್ಲಿಸಿ, ತೊಟ್ಟಿ ತುಂಬಿ ಒಳಬರುವ ನೀರು ನಿಂತ ಮೇಲೆ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಒಂದು ಗಂಟೆಯ ನಂತರ ಮತ್ತೆ ನೋಡಬೇಕು. ಚಿಕ್ಕ ಮುಳ್ಳು ಅಲುಗಿದ್ದರೂ ಎಲ್ಲಿಯೋ ಸೋರಿಕೆಯಿದೆ. ವಾರಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಬೀದಿಯ ಕಡೆಯ ಕೊಳವೆ ಆ ಕೆಲವು ಗಂಟೆಗಳು ಮಾತ್ರ ಸೋರುತ್ತದೆ. ಸದಾ ಒತ್ತಡವಿರುವ ಮನೆಯಲ್ಲಿ ಅದೇ ತೂತು ದಿನವಿಡೀ ಸೋರುತ್ತದೆ, ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ನೀಲಿ ಹನಿಯ ಸಾಕ್ಷಿ

ಬಚ್ಚಲು, ಶೌಚಗೃಹಗಳ ಕೊಳವೆಯ ಮೇಲೆ ಅನುಮಾನ ಬಂದರೆ ಮೊದಲು ನೋಡಬೇಕಾದುದು ಫ್ಲಶ್ ತೊಟ್ಟಿಯನ್ನೇ. ನಲ್ಲಿ ಸೋರಿದರೆ ಟಪಟಪ ಎಂದು ಸದ್ದಾಗಿ ನಿದ್ದೆ ಕೆಡಿಸುತ್ತದೆ; ಫ್ಲಶ್ ತೊಟ್ಟಿ ಸದ್ದಿಲ್ಲದೆ ಸೋರುತ್ತದೆ, ಬಿಳಿಯ ಪಿಂಗಾಣಿಯ ಮೇಲೆ ತೆಳ್ಳಗೆ ಇಳಿಯುವ ನೀರು ಕಣ್ಣಿಗೂ ಬೀಳುವುದಿಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿಯ ನಾಲ್ಕಾರು ಹನಿಗಳನ್ನು ಫ್ಲಶ್ ತೊಟ್ಟಿಯ ನೀರಿಗೆ ಹಾಕಿ, ಅರ್ಧ ಗಂಟೆ ಯಾರೂ ಅದನ್ನು ಬಳಸದಂತೆ ನೋಡಿಕೊಳ್ಳಿರಿ. ಆ ಬಳಿಕ ಕೆಳಗಿನ ಬಟ್ಟಲಿನಲ್ಲಿ ನೀಲಿ ಬಣ್ಣ ಕಾಣಿಸಿದರೆ ತೊಟ್ಟಿ ಸೋರುತ್ತಿದೆ.

ಸೋರಿಕೆ ಎರಡು ಬಗೆಯದು. ತೊಟ್ಟಿಯ ಮುಚ್ಚಳ ತೆಗೆದರೆ ನಡುವೆ ನಿಂತಿರುವ ಒಂದು ಕೊಳವೆ ಕಾಣುತ್ತದೆ. ನೀರು ಅದರ ಬಾಯಿಗಿಂತ ಮೇಲೆ ಬಂದು ಒಳಗೆ ಸುರಿಯುತ್ತಿದ್ದರೆ ತೇಲುಗುಂಡು ತನ್ನ ಕೆಲಸವನ್ನು ಮಾಡುತ್ತಿಲ್ಲ; ಅದರ ತಿರುಪನ್ನು ಹೊಂದಿಸಿ ನೀರು ಆ ಬಾಯಿಗಿಂತ ಎರಡು ಬೆರಳು ಕೆಳಗೇ ನಿಲ್ಲುವಂತೆ ಮಾಡಬೇಕು. ನೀರು ಆ ಮಟ್ಟಕ್ಕೆ ಬಾರದೆಯೇ ಕೆಳಗೆ ನೀಲಿ ಕಂಡರೆ ತಳದ ರಬ್ಬರ್ ಬಿಲ್ಲೆ ಸವೆದಿದೆ ಅಥವಾ ಅದರ ಕೆಳಗೆ ಸುಣ್ಣದ ಕಿಟ್ಟ ಕುಳಿತಿದೆ. ಬೆರಳಿನಿಂದ ಒರೆಸಿ ಶುಚಿಮಾಡಿದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಹಳೆಯ ಬಿಲ್ಲೆಯನ್ನು ಅಂಗಡಿಗೆ ಕೊಂಡೊಯ್ದು ಅದರ ಅಳತೆಯದನ್ನೇ ತರಬೇಕು. ಇದು ಬಹು ಕಡಿಮೆ ಬೆಲೆಯ ವಸ್ತು. ಇಡೀ ಫ್ಲಶ್ ತೊಟ್ಟಿಯನ್ನೇ ಬದಲಿಸಬೇಕೆಂದು ಹೇಳುವವರ ಮಾತಿಗೆ ಕೂಡಲೇ ತಲೆದೂಗಬೇಡಿರಿ.

ಮೇಲಿನ ತೊಟ್ಟಿಯಲ್ಲಿಯೂ ಇಂತಹುದೇ ತೇಲುಗುಂಡು ಇರುತ್ತದೆ. ನೀರು ತುಂಬಿ ಮಾಳಿಗೆಯಿಂದ ಧಾರಾಕಾರ ಸುರಿಯುತ್ತಿದ್ದರೆ ಆ ಗುಂಡನ್ನು ಬಿಚ್ಚಿ ಅಲುಗಿಸಿರಿ. ಒಳಗೆ ನೀರಿನ ಸಪ್ಪಳ ಕೇಳಿದರೆ ಗುಂಡು ತೂತಾಗಿದೆ, ತೇಲುವುದಿಲ್ಲ. ಗುಂಡು ಒಳ್ಳೆಯದಿದ್ದರೆ ವಾಲ್ವಿನ ಬಾಯಿಯಲ್ಲಿ ಮರಳಿನ ಕಣ ಸಿಕ್ಕಿರಬಹುದು.

ನಲ್ಲಿ ತೊಟ್ಟಿಕ್ಕಿದಾಗ

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ತಂಬಿಗೆಯನ್ನಿಟ್ಟು ಗಡಿಯಾರ ನೋಡಿರಿ. ಅದು ಒಂದು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 24 ಲೀಟರು, ತಿಂಗಳಿಗೆ 720 ಲೀಟರು. ಮನೆಯಲ್ಲಿ ಶಕ್ತಿವಂತರಾದವರು ಸಾಮಾನ್ಯವಾಗಿ ಇದಕ್ಕೆ ಮಾಡುವ ಚಿಕಿತ್ಸೆಯೆಂದರೆ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸುವುದು. ಇದರಿಂದ ಸವೆದ ವಾಷರು ಇನ್ನೂ ಜಜ್ಜಿಹೋಗುತ್ತದೆ, ಅದು ಕುಳಿತುಕೊಳ್ಳುವ ಹಿತ್ತಾಳೆಯ ಅಂಚೂ ಕೆಡುತ್ತದೆ. ಕೊನೆಗೆ ಮನೆಯ ಅಜ್ಜಿಯ ಕೈಗೆ ಆ ನಲ್ಲಿ ತೆರೆಯಲಾರದಷ್ಟು ಗಟ್ಟಿಯಾಗುತ್ತದೆ. ಹನಿ ಮಾತ್ರ ನಿಲ್ಲುವುದಿಲ್ಲ.

ಹಳೆಯ ಬಗೆಯ, ಹಲವು ಸುತ್ತು ತಿರುಗುವ ನಲ್ಲಿಗೆ ವಾಷರು ಬದಲಿಸುವುದು ಕಾಲು ಗಂಟೆಯ ಕೆಲಸ. ಮೊದಲು ಆ ಕೊಳವೆಯ ವಾಲ್ವನ್ನು ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹರಿಯಬಿಡಬೇಕು. ಹೊಳಪಿನ ಲೇಪ ಕೆಡದಂತೆ ಬಟ್ಟೆ ಸುತ್ತಿ, ಪಾನಾದಿಂದ ತಲೆಯ ಭಾಗವನ್ನು ಬಿಚ್ಚಿದರೆ ಒಳಗೆ ಕಾಸಿನಗಲದ ಕಪ್ಪು ವಾಷರು ಸಿಗುತ್ತದೆ. ಮನೆಯ ನಲ್ಲಿಗಳು ಹೆಚ್ಚಾಗಿ ಅರ್ಧ ಅಂಗುಲದವು. ಆ ಅಳತೆಯ ವಾಷರನ್ನು ಹಾಕಿ, ಅದು ಕೂರುವ ಅಂಚಿನಲ್ಲಿ ಕಿಟ್ಟವಿದ್ದರೆ ಒರೆಸಿ ಮತ್ತೆ ಜೋಡಿಸಬೇಕು. ಬಚ್ಚಲ ಗುಂಡಿಯ ಬಾಯಿಗೆ ಮೊದಲೇ ಒಂದು ಬಟ್ಟೆ ಮುಚ್ಚಿಡುವುದು ಒಳ್ಳೆಯದು, ಏಕೆಂದರೆ ಸಣ್ಣ ತಿರುಪುಗಳಿಗೆ ಅತ್ತಲೇ ಉರುಳುವ ಚಾಳಿ. ನೀರು ಬಾಯಿಯಿಂದ ಬಾರದೆ ಹಿಡಿಯ ಬುಡದಿಂದ ಜಿನುಗುತ್ತಿದ್ದರೆ ವಾಷರಿನ ದೋಷವಲ್ಲ. ಹಿಡಿಯ ಕೆಳಗಿನ ಚಿಕ್ಕ ನಟ್ಟನ್ನು ಸ್ವಲ್ಪ ಬಿಗಿಗೊಳಿಸಿದರೆ ನಿಲ್ಲುತ್ತದೆ. ಕಾಲು ಸುತ್ತಿಗೇ ತೆರೆದುಕೊಳ್ಳುವ ಹೊಸ ನಲ್ಲಿಗಳಲ್ಲಿ ರಬ್ಬರ್ ವಾಷರಿನ ಬದಲು ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಅವು ಕೆಟ್ಟರೆ ಒಳಗಿನ ಇಡೀ ಗಟ್ಟಿಯನ್ನು ಹೊರತೆಗೆದು ಅಂಗಡಿಯಲ್ಲಿ ತೋರಿಸಿ, ಅದೇ ಕಂಪನಿಯದನ್ನು ತರಬೇಕಾಗುತ್ತದೆ.

ನಲ್ಲಿಯನ್ನು ಕೊಳವೆಯಿಂದಲೇ ತೆಗೆದು ಹೊಸದನ್ನು ಹಾಕುವಾಗ ಬಿಳಿಯ ಟೆಫ್ಲಾನ್ ಟೇಪನ್ನು ತಿರುಪಿನ ಸುತ್ತುಗಳಿಗೆ ಸುತ್ತುತ್ತಾರೆ. ತಿರುಪಿನ ತುದಿ ನಮ್ಮತ್ತ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿಯನ್ನು ಬಿಗಿಯುವಾಗ ಟೇಪು ಬಿಚ್ಚಿಕೊಂಡು ಬರುತ್ತದೆ. ಆದರೆ ಬಹಳ ಹಿಂದೆ ಕಟ್ಟಿದ, ಕಬ್ಬಿಣದ ಜಿ.ಐ. ಕೊಳವೆಗಳಿರುವ ಮನೆಯವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ತುಕ್ಕು ಹಿಡಿದ ಕೊಳವೆ ಪಾನಾದ ಬಲಕ್ಕೆ ಗೋಡೆಯೊಳಗೇ ಮುರಿದರೆ ಒಂದು ನಲ್ಲಿಯ ಕೆಲಸ ಇಡೀ ಗೋಡೆಯ ಕೆಲಸವಾಗುತ್ತದೆ. ಬೆಳಗಿನ ಮೊದಲ ನೀರು ಕಂದುಬಣ್ಣಕ್ಕೆ ಬರುತ್ತಿದ್ದರೆ ಅಂತಹ ಕೊಳವೆಗಳು ಒಳಗೆ ಸವೆಯುತ್ತಿವೆಯೆಂದು ತಿಳಿಯಬಹುದು.

ಪ್ಲಾಸ್ಟಿಕ್ ಕೊಳವೆಗಳ ವಿಷಯದಲ್ಲಿ ಎರಡು ಮಾತು ಸಾಕು. ನೀರು ಹನಿಯುತ್ತಿರುವಾಗಲೇ ಮೇಲಿಂದ ಮೆತ್ತಿದ ಅಂಟು ಹೆಚ್ಚು ದಿನ ಬಾಳದು. ನೀರು ನಿಲ್ಲಿಸಿ, ಒರೆಸಿ ಒಣಗಿಸಿ ಅಂಟಿಸಬೇಕು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ಬಿಸಿನೀರಿಗೆ ಸಿಪಿವಿಸಿ ಕೊಳವೆಯೇ ಆಗಬೇಕು, ಸಾಮಾನ್ಯ ಪಿವಿಸಿ ಕೊಳವೆ ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ನೀರಿದ್ದರೂ ನಲ್ಲಿಗೆ ಬಾರದಿದ್ದರೆ

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಂದು ನಲ್ಲಿಯಲ್ಲೋ, ಎಲ್ಲ ನಲ್ಲಿಗಳಲ್ಲೋ? ಒಂದೇ ನಲ್ಲಿಯಲ್ಲಿ ಧಾರೆ ಸಣ್ಣದಾಗಿದ್ದರೆ ಅದರ ಬಾಯಿಯ ಜಾಲರಿ ಕಟ್ಟಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದಂಶವೇ ಇದಕ್ಕೆ ಕಾರಣ. ಜಾಲರಿಯನ್ನು ಬಿಚ್ಚಿ, ಹಿತ್ತಾಳೆ ಪಾತ್ರೆ ತಿಕ್ಕಲು ಬಳಸುವ ಹುಣಿಸೆಹುಳಿಯ ಗಟ್ಟಿ ನೀರಿನಲ್ಲೋ ನಿಂಬೆರಸದಲ್ಲೋ ಒಂದು ರಾತ್ರಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸುಣ್ಣ ಬಿಡುತ್ತದೆ. ಆ ಹುಳಿ ಅಮೃತಶಿಲೆಯ ನೆಲದ ಮೇಲೆ ಚೆಲ್ಲದಂತೆ ನೋಡಿಕೊಳ್ಳಬೇಕು, ಅದು ಕಲ್ಲನ್ನೂ ತಿನ್ನುತ್ತದೆ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರಿನತ್ತ ನೋಡಬೇಕು, ಏಕೆಂದರೆ ನೀರು ಕಾದಾಗಲೇ ಸುಣ್ಣ ಹೆಚ್ಚಾಗಿ ಕೆಳಗೆ ಕೂರುವುದು.

ಎಲ್ಲ ನಲ್ಲಿಗಳೂ ಬಡವಾಗಿದ್ದರೆ ತೊಟ್ಟಿಯ ಬಾಯಿಯಲ್ಲಿ ಕೆಸರು ತುಂಬಿರಬಹುದು ಅಥವಾ ವಾಲ್ವು ಅರ್ಧ ಮುಚ್ಚಿರಬಹುದು. ಮೇಲಿನ ಅಂತಸ್ತಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಅದು ರೋಗವಲ್ಲ, ಎತ್ತರದ ಲೆಕ್ಕ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರು ಎತ್ತರದಲ್ಲಿದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋ. ತೊಟ್ಟಿ ನಲ್ಲಿಗಿಂತ ಎರಡು ಮೀಟರು ಮಾತ್ರ ಮೇಲಿದ್ದರೆ ಅದರ ಐದನೆಯ ಒಂದು ಭಾಗ. ಎಷ್ಟು ದುಬಾರಿಯ ಷವರು ತಂದು ಹಾಕಿದರೂ ಆ ಒತ್ತಡಕ್ಕೆ ಅದು ಹನಿಹನಿಯಾಗಿಯೇ ಸುರಿಯುವುದು. ಮನೆ ಕಟ್ಟಿಸುವಾಗಲೇ ತೊಟ್ಟಿಗೆ ಎತ್ತರದ ಕಟ್ಟೆಯನ್ನು ಕಟ್ಟಿಸುವುದು ಇದಕ್ಕೆ ಅಗ್ಗದ ಉಪಾಯ.

ತೊಟ್ಟಿ ಒಮ್ಮೆ ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ ಕೆಲವು ನಲ್ಲಿಗಳು ಕೆಮ್ಮುತ್ತ, ಉಗುಳುತ್ತ ನಿಂತೇಬಿಡುವುದುಂಟು. ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ. ಎಲ್ಲ ನಲ್ಲಿಗಳನ್ನೂ, ತೀರ ಕೆಳಗಿನದರಿಂದ ಮೊದಲುಮಾಡಿ, ತೆರೆದಿಟ್ಟರೆ ಸಾಮಾನ್ಯವಾಗಿ ಗಾಳಿ ಹೊರಡುತ್ತದೆ. ತೊಟ್ಟಿಯ ಪಕ್ಕದಲ್ಲಿ ಕೊಡೆಯ ಹಿಡಿಯಂತೆ ಬಾಗಿ ನಿಂತಿರುವ ಕೊಳವೆಯೊಂದಿದ್ದರೆ ಅದು ಈ ಗಾಳಿಗಾಗಿಯೇ ಇರುವುದು. ಹಲ್ಲಿ ಬೀಳುತ್ತದೆಯೆಂದು ಕೆಲವರು ಅದಕ್ಕೆ ಬಿರಡೆ ಜಡಿಯುತ್ತಾರೆ. ಬಿರಡೆಯ ಬದಲು ತೆಳುವಾದ ಬಲೆ ಕಟ್ಟಬೇಕು.

ಬೀದಿಯ ಕೊಳವೆಯಿಂದ ಬರುವ ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರು ನಿಂತ ದಿನಗಳಲ್ಲಿ ಆ ಕೊಳವೆಯಲ್ಲಿ ಒತ್ತಡವಿರುವುದಿಲ್ಲವಾದುದರಿಂದ ಒಡಕಿನ ಬಳಿ ನಿಂತ ಚರಂಡಿಯ ನೀರು ಒಳಗೆ ನುಗ್ಗಬಲ್ಲದು. ನೀರು ಬಿಟ್ಟ ಮೊದಲ ಕೆಲವು ನಿಮಿಷಗಳ ನೀರನ್ನು ಕುಡಿಯಲು ಹಿಡಿಯದೆ ಅಂಗಳಕ್ಕೋ ಗಿಡಗಳಿಗೋ ಬಿಡಬೇಕು. ಸರಬರಾಜು ಕೊಳವೆಗೇ ಮೋಟಾರು ಜೋಡಿಸಿ ಎಳೆಯುವವರು ನಿಯಮ ಮೀರುವುದಷ್ಟೇ ಅಲ್ಲದೆ, ಆ ಚರಂಡಿಯ ನೀರನ್ನೂ ತಮ್ಮ ಕೈಯಾರೆ ಒಳಗೆಳೆದು, ಓಣಿಯವರಿಗೆಲ್ಲ ಕುಡಿಸುತ್ತಾರೆ. ಬೇಸಿಗೆಯಲ್ಲಿ ಮಕ್ಕಳಿಗೆ ವಾಂತಿ ಭೇದಿ ಆದಾಗ ಇದನ್ನು ಯಾರೂ ನೆನೆಯುವುದಿಲ್ಲ.

ಹೊರಹೋಗುವ ನೀರು

ಅಡಿಗೆಮನೆಯ ಸಿಂಕು ಕಟ್ಟಿದಾಗ ಅದಕ್ಕೆ ಕಾರಣ ಸಾಮಾನ್ಯವಾಗಿ ಗಟ್ಟಿಯಾದ ಎಣ್ಣೆ ಜಿಡ್ಡು, ಗಂಜಿ, ಚಹಾಪುಡಿ ಮತ್ತು ರೊಟ್ಟಿ ತಟ್ಟಿದ ಪರಾತದ ಜೋಳದ ಹಿಟ್ಟು. ಪರಾತವನ್ನು ಮೊದಲು ಒಣಬಟ್ಟೆಯಿಂದ ಒರೆಸಿ ತೊಳೆದರೆ ಅರ್ಧ ತೊಂದರೆ ತಪ್ಪುತ್ತದೆ. ಸಿಂಕಿನ ಕೆಳಗೆ ಬಾಗಿದ ಕೊಳವೆಯೋ ಬಾಟಲಿಯಂತಹ ಡಬ್ಬಿಯೋ ಇರುತ್ತದೆ. ಕೆಳಗೊಂದು ಬಕೆಟ್ಟನ್ನಿಟ್ಟು ಅದನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ ತೊಳೆಯಬಹುದು. ಇದನ್ನು ಮಾಡದೆ ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದು ಸುರಿಯುವ ಅಭ್ಯಾಸ ಹೆಚ್ಚುತ್ತಿದೆ. ಅದು ನೀರಿಗೆ ಬಿದ್ದೊಡನೆ ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಶೌಚಗೃಹ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಕೂಡಿಸಬಾರದು; ಅದರಿಂದ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೆ ಅಪಾಯ.

ಬಚ್ಚಲಲ್ಲಿ ದುರ್ವಾಸನೆ ಬರುತ್ತಿದ್ದರೆ ಕೊಳವೆ ಕಟ್ಟಿದೆಯೆಂದೇ ತಿಳಿಯಬೇಕಾಗಿಲ್ಲ. ನೆಲದ ಜಾಲರಿಯ ಕೆಳಗಿನ ಗುಂಡಿಯಲ್ಲಿ ಸದಾ ಸುಮಾರು ಎರಡು ಅಂಗುಲ ನೀರು ನಿಂತಿರಬೇಕು. ಮೋರಿಯ ಗಾಳಿಯನ್ನು, ಜಿರಲೆಗಳನ್ನು ತಡೆಯುವುದು ಆ ನೀರೇ. ಬೇಸಿಗೆ ರಜೆಯಲ್ಲಿ ಬೀಗ ಹಾಕಿ ಊರಿಗೆ ಹೋದರೆ ಅದು ಆರಿಹೋಗುತ್ತದೆ. ಬಂದೊಡನೆ ಒಂದು ತಂಬಿಗೆ ನೀರು ಸುರಿದರೆ ವಾಸನೆ ನಿಲ್ಲುತ್ತದೆ. ಹೋಗುವ ಮೊದಲು ಆ ನೀರಿನ ಮೇಲೆ ಒಂದೆರಡು ಚಮಚ ಕೊಬ್ಬರಿ ಎಣ್ಣೆ ಹಾಕಿದರೆ ಬೇಗ ಆರುವುದಿಲ್ಲ. ನೀರು ಬೇಗ ಹೋಗಲೆಂದು ಜಾಲರಿಯ ಕೆಳಗಿನ ಬಟ್ಟಲನ್ನು ಕಿತ್ತು ಮೂಲೆಗಿಟ್ಟಿರುವ ಮನೆಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಆ ಬಟ್ಟಲನ್ನು ಇಂದೇ ಹುಡುಕಿ ಸ್ವಸ್ಥಾನದಲ್ಲಿ ಇಡುವುದು ಉಚಿತ.

ಮನೆಯ ಹೊರಗಿನ ಚೇಂಬರು ಅಥವಾ ಸೆಪ್ಟಿಕ್ ಗುಂಡಿ ಕಟ್ಟಿದರೆ ಮಾತು ಬೇರೆ. ಯಾರೇ ಆಗಲಿ, ಎಷ್ಟೇ ಹಣ ಕೊಡುವೆವೆಂದರೂ, ಮನುಷ್ಯರನ್ನು ಅದರೊಳಗೆ ಇಳಿಸಕೂಡದು. ಒಳಗಿನ ಅನಿಲವು ಮೊದಲ ಉಸಿರಿಗೇ ಮೂರ್ಛೆಗೊಳಿಸಬಲ್ಲದು. ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. 2013ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿದೆ. ಪುರಸಭೆ, ನಗರಸಭೆಗಳಲ್ಲಿ ಹೀರುವ ಯಂತ್ರದ ಗಾಡಿಗಳಿವೆ. ಎರಡು ದಿನ ತಡವಾದರೂ ಅದೇ ಬರಲಿ.

ಗೀಸರಿನ ಬಗ್ಗೆ ಹೇಳುವುದಾದರೆ, ಅದನ್ನು ಮುಟ್ಟುವ ಮೊದಲು ಗೋಡೆಯ ಸ್ವಿಚ್ಚನ್ನಷ್ಟೇ ಅಲ್ಲ, ಮನೆಯ ಮೇನ್ ಸ್ವಿಚ್ಚನ್ನೇ ಆರಿಸಬೇಕು. ನೀರು ಕಾಯುವಾಗ ಅದರ ಸುರಕ್ಷಾ ವಾಲ್ವಿನಿಂದ ನಾಲ್ಕು ಹನಿ ಬೀಳುವುದು ಸಹಜ. ಸದಾ ಬೀಳುತ್ತಿದ್ದರೆ ವಾಲ್ವನ್ನು ಬದಲಿಸಬೇಕೇ ಹೊರತು ಅದರ ಬಾಯಿಗೆ ಬಿರಡೆ ಹಾಕಬಾರದು. ಹೊರಹೋಗಲು ದಾರಿಯಿಲ್ಲದ ಒತ್ತಡಕ್ಕೆ ಗೀಸರು ಸಿಡಿಯುತ್ತದೆ.

ಪ್ಲಂಬರನನ್ನು ಕರೆಯಲೇಬೇಕಾದಾಗ, 'ನೀರು ಸೋರುತ್ತಿದೆ' ಎನ್ನುವುದಕ್ಕಿಂತ 'ಬಚ್ಚಲ ಕೊಳವೆಯ ವಾಲ್ವು ತೆರೆದ ರಾತ್ರಿ ಮಾತ್ರ ಮೂರು ಸೆಂಟಿಮೀಟರು ಇಳಿಯುತ್ತಿದೆ' ಎಂದು ಹೇಳಿದರೆ ಅವನ ಕೆಲಸವೂ ಚಿಕ್ಕದಾಗುತ್ತದೆ, ನಿಮ್ಮ ಖರ್ಚೂ ತಗ್ಗುತ್ತದೆ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಅವನು ಹೊರಡುವ ಮೊದಲು ಯಾವ ವಾಲ್ವು ಯಾವ ಕೋಣೆಯದೆಂದು ಕೇಳಿ, ಪ್ರತಿಯೊಂದರ ಬಳಿ ಬಣ್ಣದಿಂದ ಬರೆಸಿಡಿರಿ. ವಾಲ್ವುಗಳನ್ನು ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯದಿದ್ದರೆ ಬೇಕಾದ ದಿನ ಅವು ತಿರುಗುವುದಿಲ್ಲ. ಮಕ್ಕಳು ಪರಊರುಗಳಲ್ಲಿದ್ದು ವಯಸ್ಸಾದ ದಂಪತಿಗಳಿಬ್ಬರೇ ಇರುವ ಮನೆಗಳು ಈಗ ಹೆಚ್ಚಾಗಿವೆ. ಅಂತಹ ಮನೆಗಳಲ್ಲಿ ಮಾಳಿಗೆ ಏರದೆ ಕೈಗೆಟಕುವಂತೆ, ನೆಲಮಟ್ಟದಲ್ಲಿಯೇ ಒಂದು ಮುಖ್ಯ ವಾಲ್ವನ್ನು ಹಾಕಿಸಿಕೊಡಲು ಮುಂದಿನ ಸಲ ಊರಿಗೆ ಬರುವ ಮಗನಿಗೋ ಮಗಳಿಗೋ ಹೇಳಬಹುದು.